ಸ್ಕೋರ್ ಬೋರ್ಡಿನ ಕಿಂಡಿ

"ಆ ಕಿಂಡಿ ಎಲ್ಲಿದೆಯಪ್ಪಾ?"

ಕೇಳಿದವರು ನಂಬರಪ್ಪ. ಕೇಳಿಸಿಕೊಳ್ಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಮೂರು ಕಡೆ ತಗಡು, ಎದುರಿಗೆ ಹಲಗೆ, ತಲೆಯ ಮೇಲೆ ಒಂದು ಹಿತ್ತಾಳೆಯ ಗಂಟೆ, ಕೆಳಗೆ ಕಾಲು ಮುರಿದ ಸ್ಟೂಲು. ಇದೇ ಪ್ರಶ್ನೆಯನ್ನು ಅವರು ಇಪ್ಪತ್ತೆರಡು ವರ್ಷಗಳಿಂದ ಇದೇ ಹಲಗೆಗೆ ಕೇಳುತ್ತ ಬಂದಿದ್ದರು. ಹಲಗೆಯೂ ಅಷ್ಟೇ ವರ್ಷಗಳಿಂದ ಬಾಯಿ ಬಿಡದೆ ನಿಂತಿತ್ತು.

ಜೇಬಿಗೊಂದು ಫೋನು ಬರುವುದಕ್ಕೆ ಮೊದಲಿನ ಮಾತು ಇದು. ಫುಟ್‌ಬಾಲ್ ಮೈದಾನದ ಒಂದು ತುದಿಯಲ್ಲಿ ಕಬ್ಬಿಣದ ಕಾಲುಗಳ ಮೇಲೆ ಸ್ಕೋರ್ ಬೋರ್ಡು ನಿಂತಿತ್ತು. ಅದರ ಬೆನ್ನಿಗೆ ಅಂಟಿಕೊಂಡಂತೆ ಒಂದು ಗೂಡು. ಗೂಡಿನೊಳಗೆ ಎರಡು ಹಿಡಿಗಳು. ಒಂದನ್ನು ತಿರುಗಿಸಿದರೆ ನಮ್ಮವರ ಅಂಕಿ ಬರೆದ ಕ್ಯಾನ್ವಾಸ್ ಪಟ್ಟಿ ಉರುಳುತ್ತಿತ್ತು, ಇನ್ನೊಂದನ್ನು ತಿರುಗಿಸಿದರೆ ಎದುರಾಳಿಗಳದು. ಮೈದಾನದ ಆಚೆ ತುದಿಯ ಆಫೀಸಿನಲ್ಲಿ ಒಬ್ಬ ಗುಮಾಸ್ತರು ಹಗ್ಗ ಎಳೆದರೆ ಇಲ್ಲಿ ಗಂಟೆ ಹೊಡೆಯುತ್ತಿತ್ತು. ಒಂದು ಹೊಡೆದರೆ ನಮ್ಮ ಗೋಲು, ಎರಡು ಹೊಡೆದರೆ ಅವರದು, ಉದ್ದಕ್ಕೆ ಬಾರಿಸಿದರೆ ಆಟ ಮುಗಿಯಿತು. ಗೂಡಿನ ಬಾಗಿಲು ತೆಗೆದರೆ ಕಾಣುವುದು ಹಿಂದಿನ ಬೀದಿ ಮತ್ತು ಸೈಕಲ್ ರಿಪೇರಿ ಅಂಗಡಿ. ಊರಿಗೆಲ್ಲ ಆಟದ ಸುದ್ದಿ ತೋರಿಸುವ ಮನುಷ್ಯನಿಗೆ ಮಾತ್ರ ಆಟ ಕಾಣದ ಹಾಗೆ ಯಾರೋ ಬಹಳ ಶ್ರದ್ಧೆಯಿಂದ ಕಟ್ಟಿದ ಗೂಡು ಅದು.

ನಂಬರಪ್ಪನವರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಸಂಬಳದ ಹಾಳೆಯ ಹೊರಗೆ ಅದಕ್ಕೆ ಕೆಲಸವಿರಲಿಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ, ಆ ಗೂಡಿನಲ್ಲಿ ಮೂವತ್ತು ವರ್ಷ ಕಳೆದ ಹಿರಿಯರೊಬ್ಬರು ಕೆಲಸ ಒಪ್ಪಿಸಿ ಹೊರಡುವಾಗ ಎರಡು ಮಾತು ಹೇಳಿದ್ದರು. "ನೋಡಯ್ಯಾ, ಮೊದಲನೇದು, ಗಂಟೆ ಹೊಡೆದ ಮೇಲೆ ಕೈ ನಿಲ್ಲಬಾರದು. ಗೋಲು ನಮ್ಮದಾಗಲಿ ಅವರದಾಗಲಿ, ನಗುತ್ತಲೋ ಅಳುತ್ತಲೋ ತಿರುಗಿಸಬೇಕು. ಎರಡನೇದು, ಇಲ್ಲೇ ಎಲ್ಲೋ ಒಂದು ಕಿಂಡಿ ಇದೆ. ಕಣ್ಣಿಟ್ಟರೆ ಇಡೀ ಮೈದಾನ ಕಾಣುತ್ತೆ. ಎಲ್ಲಿ ಅಂತ ಹೇಳೋದಿಲ್ಲ. ನಮ್ಮ ಹಿಂದಿನವರೂ ನಂಗೆ ಹೇಳಲಿಲ್ಲ. ಹುಡುಕಿಕೊಂಡರೇನೇ ಅದಕ್ಕೊಂದು ಬೆಲೆ."

ಮೊದಲ ಆಟ ಮುಗಿಯುತ್ತಲೇ ಹಿರಿಯರು ಕೆಳಗೆ ಕಾದು ನಿಂತು ಕೇಳಿದರು. "ಸಿಕ್ಕಿತೇನಯ್ಯಾ?"

ಹೊಸ ಕೆಲಸ, ಹೊಸ ಅಂಗಿ, ಎದುರಿಗೆ ದೊಡ್ಡವರು. "ಓ, ಸಿಕ್ಕಿತು ಸಾರ್," ಎಂದುಬಿಟ್ಟರು ನಂಬರಪ್ಪ. ಮುಂದಿನ ವಾರ ಹೇಗೂ ಸಿಗುತ್ತದಲ್ಲ, ಒಂದು ವಾರ ಮುಂಗಡವಾಗಿ ಹೇಳಿದರೆ ಅದೇನು ದೊಡ್ಡ ಸುಳ್ಳೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಆರು ತಿಂಗಳಿಗೆ ಆ ಹಿರಿಯರು ತಮ್ಮ ಮಗಳನ್ನು ಕೊಟ್ಟು ಮಾವನೂ ಆದರು. ಕಿಂಡಿ ಸಿಗಲಿಲ್ಲ. ಮಾವನನ್ನು ಕೇಳುವ ಕಾಲ ಮೀರಿ ಹೋಗಿತ್ತು.

ಅಂದಿನಿಂದ ಪ್ರತಿ ಆಟದ ಸಂಜೆ ಮನೆಯಲ್ಲಿ ಒಂದು ಕಾರ್ಯಕ್ರಮ. ಮಾವ ಆರಾಮ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, "ಹೂಂ, ಹೇಳಿ ಅಳಿಯಂದ್ರೇ," ಅನ್ನುತ್ತಿದ್ದರು. ನಂಬರಪ್ಪ ಹೇಳುತ್ತಿದ್ದರು. ಮೊದಮೊದಲು ಎರಡೇ ಮಾತು. ಬರಬರುತ್ತ ಗೋಲಿಗೊಂದು ಪೀಠಿಕೆ ಬಂತು, ಹೊಡೆದವನ ಮುಖಕ್ಕೊಂದು ವರ್ಣನೆ ಬಂತು, ಚೆಂಡು ಹಾರಿದ ದಾರಿಯಲ್ಲಿ ಒಂದೆರಡು ಹಕ್ಕಿಗಳೂ ಬಂದವು. ಪಕ್ಕದ ಅಂಗಡಿಯ ಟೈಲರ್ ಮೆಷಿನ್ ನಿಲ್ಲಿಸಿ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದರು. ಮಹಡಿಯ ಓನರಮ್ಮ ಮೆಟ್ಟಿಲ ಮೇಲೆಯೇ ಕಿವಿ ಇಟ್ಟುಕೊಂಡು ಕೂರುತ್ತಿದ್ದರು. ಮೈದಾನಕ್ಕೆ ಹೋಗಿ ಟಿಕೆಟ್ ಕೊಂಡು ಕಣ್ಣಾರೆ ನೋಡಿ ಬಂದವರು ಕೂಡ, ತಾವು ನೋಡಿದ್ದೇನು ಅಂತ ತಿಳಿದುಕೊಳ್ಳುವುದಕ್ಕೆ ಅಲ್ಲಿಗೆ ಬರುತ್ತಿದ್ದರು.

ಹೀಗಿರುವಾಗ ಲೀಗಿನ ಕೊನೆಯ ವಾರ ಬಂತು.

ಹತ್ತು ತಂಡಗಳ ಲೀಗು ಅದು. ಮೊದಲ ನಾಲ್ಕು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ, ಉಳಿದ ಆರು ಮನೆಗೆ. ನಮ್ಮ ಹಸಿರು ಅಂಗಿಯವರು ಹುಟ್ಟಿದಾಗಿನಿಂದ ಉಳಿದ ಆರರಲ್ಲೇ ಒಬ್ಬರು. ಆ ವರ್ಷ ಅದು ಹೇಗೋ ಮೂವತ್ತೆರಡು ಪಾಯಿಂಟ್ ಕೂಡಿಹಾಕಿ ಐದನೇ ಜಾಗಕ್ಕೆ ಬಂದು ಕೂತಿದ್ದರು. ನಾಲ್ಕನೆಯವರು ಹಳದಿ ಅಂಗಿಯವರು, ಮೂವತ್ತಮೂರು ಪಾಯಿಂಟ್. ಗೆದ್ದರೆ ಮೂರು, ಸಮವಾದರೆ ಒಂದು. ಶನಿವಾರ ಮಧ್ಯಾಹ್ನ ಒಂದೇ ಹೊತ್ತಿಗೆ ಇಲ್ಲಿ ನಮ್ಮವರು ನೀಲಿಯವರ ಮೇಲೆ, ದೂರದ ಇನ್ನೊಂದು ಊರಿನಲ್ಲಿ ಹಳದಿಯವರು ಯಾರದೋ ಮೇಲೆ ಆಡಬೇಕು. ನಮ್ಮವರು ಗೆಲ್ಲಬೇಕು, ಹಳದಿಯವರು ಗೆಲ್ಲಬಾರದು. ಇಷ್ಟು ಸುಲಭದ ಲೆಕ್ಕವನ್ನು ಬೀದಿಯವರು ವಾರವಿಡೀ ಗೋಡೆ, ಕ್ಯಾಲೆಂಡರು, ಔಷಧಿ ಚೀಟಿ ಎಲ್ಲದರ ಮೇಲೂ ಮಾಡಿ ಮಾಡಿ ಬಹಳ ಕಷ್ಟದ್ದನ್ನಾಗಿ ಮಾಡಿದ್ದರು.

"ಐವತ್ತೆರಡು ವರ್ಷ ಅಳಿಯಂದ್ರೇ," ಅಂದರು ಮಾವ. "ಮೂವತ್ತು ವರ್ಷ ಗೂಡಿನಲ್ಲಿ, ಇಪ್ಪತ್ತೆರಡು ಈ ಕುರ್ಚೀಲಿ. ನಮ್ಮವರು ಪ್ಲೇಆಫ್‌ಗೆ ಹೋದರು ಅಂತ ಒಂದು ಸಲ ಕೇಳಿಸಿಕೊಂಡು ಹೋಗಿಬಿಡಬೇಕು, ಇನ್ನೇನೂ ಬೇಡ."

ಟಿಕೆಟುಗಳು ಸೋಮವಾರವೇ ಮುಗಿದವು. ಮಂಗಳವಾರ ಬೆಳಗ್ಗೆ ನಲ್ಲಿಯ ಹತ್ತಿರ ಓನರಮ್ಮ ಟಿಕೆಟ್ ಸಿಗಲಿಲ್ಲವೆಂದು ಪೇಚಾಡಿಕೊಂಡರು. ನಂಬರಪ್ಪನವರ ಹೆಂಡತಿ ಬಿಂದಿಗೆ ಇಳಿಸಿ, ಸೆರಗು ಸರಿಮಾಡಿಕೊಂಡು ಹೇಳಿದರು. "ನಮಗೇನು ತೊಂದರೆ ಇಲ್ಲ ಬಿಡಿ. ನಮ್ಮನೆಯವರದು ಸ್ವಂತ ಕಿಂಡಿ."

ಆ ಒಂದು ಮಾತು ಬುಧವಾರದೊಳಗೆ ಬೀದಿ ದಾಟಿತು.

"ಕಿಂಡಿ ಎಷ್ಟು ಅಗಲ ಇದೆ?" ಅಂತ ಟೈಲರ್ ಅಳತೆಯ ಟೇಪು ಕೊರಳಲ್ಲಿಟ್ಟುಕೊಂಡೇ ಬಂದು ಕೇಳಿದರು.

"ಒಬ್ಬರ ಕಣ್ಣಿನಷ್ಟು," ಅಂದರು ನಂಬರಪ್ಪ.

"ಸರದಿ ಮೇಲೆ ನೋಡೋಣ. ನಂಗೆ ಎರಡನೇ ಅರ್ಧ ಸಾಕು."

"ನಾನು ಮೊದಲು," ಅಂತ ಮಹಡಿಯಿಂದ ಕೂಗಿದರು ಓನರಮ್ಮ. "ನಂಗೆ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಹೊಸಾದು. ಇನ್ನೊಂದನ್ನ ಮುಚ್ಚಿಕೊಳ್ಳೋದಕ್ಕೆ ಡಾಕ್ಟ್ರೇ ಹೇಳಿದ್ದಾರೆ."

ಗುರುವಾರ ಕ್ಲಬ್ಬಿನ ಸೆಕ್ರೆಟರಿಯವರ ಕಾರು ಬಾಗಿಲಿಗೆ ಬಂತು. ಅಧ್ಯಕ್ಷರ ಬೀಗರು, ಬೀಗರ ಬೀಗರು ಎಲ್ಲರಿಗೂ ಸೀಟು ಹಂಚಿ ಕೊನೆಗೆ ಸೆಕ್ರೆಟರಿಯವರು ತಮ್ಮ ಸೀಟನ್ನೂ ಕೊಟ್ಟುಬಿಟ್ಟಿದ್ದರು. ಮೈದಾನದ ಬೀಗದ ಕೈಗೊಂಚಲೆಲ್ಲ ಸೊಂಟದಲ್ಲಿ ನೇತಾಡುತ್ತಿದ್ದರೂ ಕೂರಲು ಮಾತ್ರ ಜಾಗವಿರಲಿಲ್ಲ.

"ಇಷ್ಟು ವರ್ಷ ಈ ವಿಷಯ ಆಫೀಸಿಗೆ ಯಾಕಯ್ಯಾ ತಿಳಿಸಲಿಲ್ಲ? ಕ್ಲಬ್ಬಿನ ಬೋರ್ಡು, ಕ್ಲಬ್ಬಿನ ಕಿಂಡಿ. ಶನಿವಾರ ಅದು ನಂದು."

"ಸಾರ್, ಅದು ಅಂದರೆ..."

"ಸೀನಿಯಾರಿಟಿ ಪ್ರಕಾರ," ಅಂದರು ಸೆಕ್ರೆಟರಿ, ಮೆಟ್ಟಿಲ ಮೇಲಿದ್ದ ಓನರಮ್ಮನತ್ತ ಒಮ್ಮೆ ನೋಡಿ.

ನಂಬರಪ್ಪನವರಿಗೆ ಆ ಎರಡು ದಿನ ಅನ್ನ ಇಳಿಯಲಿಲ್ಲ. ಹೆಂಡತಿ ಇದನ್ನು ಪ್ಲೇಆಫ್ ಚಿಂತೆ ಅಂತ ತಿಳಿದು ಇನ್ನಷ್ಟು ಹೆಮ್ಮೆಪಟ್ಟರು.

ಶುಕ್ರವಾರ ಬಡಗಿ ಬಂದು ಬೋರ್ಡಿಗೆ ಇನ್ನೆರಡು ಚೌಕಟ್ಟು, ಇನ್ನೆರಡು ಹಿಡಿ ಸೇರಿಸಿದ. ಹಳದಿಯವರ ಆಟದ ಅಂಕಿಯನ್ನೂ ಜನಕ್ಕೆ ತೋರಿಸಬೇಕೆಂದು ಆಫೀಸಿನ ಅಪ್ಪಣೆ. ಆ ಊರಿನಿಂದ ಫೋನಿನಲ್ಲಿ ಸುದ್ದಿ ಬರುತ್ತದೆ, ಗುಮಾಸ್ತರು ಹಗ್ಗ ಎಳೆಯುತ್ತಾರೆ. ಮೂರು ಹೊಡೆದರೆ ಹಳದಿಯವರ ಗೋಲು, ನಾಲ್ಕು ಹೊಡೆದರೆ ಅವರ ಎದುರಾಳಿಗಳದು. ಬಡಗಿ ಹೋಗುವಾಗ ತೂತು ಕೊರೆಯುವ ಬೈರಿಗೆ ಮರೆತು ಹೋಗಿದ್ದ. ನಂಬರಪ್ಪನವರಿಗೆ ಅದು ದೇವರೇ ಕಳಿಸಿದ ಉಪಕರಣದಂತೆ ಕಂಡಿತು.

ಶನಿವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಹಲಗೆಯಲ್ಲಿ ಒಂದು ಒಳ್ಳೆಯ ಜಾಗ ನೋಡಿ, ಬೈರಿಗೆ ಇಟ್ಟು ತಿರುಗಿಸತೊಡಗಿದರು. ಹೊಟ್ಟು ಉದುರಿತು. ಅಷ್ಟರಲ್ಲಿ ಹಿಂದೆ ಏದುಸಿರು ಕೇಳಿಸಿತು. ಎಪ್ಪತ್ತೇಳು ವರ್ಷದ ಮಾವ ಏಣಿ ಹತ್ತಿ ಬಂದು ಬಾಗಿಲು ಹಿಡಿದು ನಿಂತಿದ್ದರು.

"ಏನು ಮಾಡ್ತಿದ್ದೀರಿ ಅಳಿಯಂದ್ರೇ?"

"ಕಿಂಡಿ... ಸ್ವಲ್ಪ ದೊಡ್ಡದು ಮಾಡ್ತಿದ್ದೆ ಮಾವ."

"ಯಾವ ಕಿಂಡೀನ?"

ಬೈರಿಗೆ ನಿಂತಿತು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಮಾವ," ಅಂದರು ನಂಬರಪ್ಪ, "ನಂಗೆ ಅದು ಸಿಗಲೇ ಇಲ್ಲ."

ಮಾವ ಸ್ಟೂಲಿನ ಮೇಲೆ ಕುಳಿತರು. ಅದರ ಮುರಿದ ಕಾಲಿನ ಕಡೆ ಭಾರ ಬೀಳದ ಹಾಗೆ ಕೂರುವುದು ಅವರಿಗೆ ಇನ್ನೂ ಮರೆತಿರಲಿಲ್ಲ.

"ನಂಗೂ ಸಿಗಲಿಲ್ಲ," ಅಂದರು.

"ಮತ್ತೆ ಇದೆ ಅಂತ ಹೇಳಿದ್ರಲ್ಲ?"

"ನಂಗೆ ಹಿಂದಿನವರು ಹೇಳಿದ್ದರು. ನಾನೂ ಸಿಕ್ಕಿತು ಅಂದಿದ್ದೆ. ಮೂವತ್ತು ವರ್ಷ ಆಟ ನೋಡಲೇ ಇಲ್ಲ ಅಂತ ನಿನ್ನೆ ಮೊನ್ನೆ ಬಂದ ಹುಡುಗನ ಮುಂದೆ ಹೇಗೆ ಹೇಳಲಿ? ಆದರೆ ನೀವು ಮೊದಲ ದಿನವೇ ಸಿಕ್ಕಿತು ಅಂದಿರಿ. ಮನೆಗೆ ಹೋಗಿ ಯೋಚನೆ ಮಾಡಿದೆ. ನಂಗೆ ಮೂವತ್ತು ವರ್ಷದಲ್ಲಿ ಸಿಗದ್ದು ಇವನಿಗೆ ಒಂದೇ ಮಧ್ಯಾಹ್ನಕ್ಕೆ ಸಿಕ್ಕಿದ್ದರೆ ಇವನು ಬಹಳ ಬುದ್ಧಿವಂತ. ಸಿಗದೆ ಸಿಕ್ಕಿತು ಅಂದಿದ್ದರೆ ನನ್ನ ಹಾಗೇ. ಹೇಗಿದ್ದರೂ ಮನೆಯೊಳಗೇ ಇರಬೇಕಾದವನು ಅಂತ ಮಗಳನ್ನ ಕೊಟ್ಟೆ."

"ಮತ್ತೆ ನಾನು ಹೇಳ್ತಿದ್ದ ಆಟ ಎಲ್ಲಾ?"

"ಚೆನ್ನಾಗಿ ಹೇಳ್ತೀರಿ," ಅಂದರು ಮಾವ. "ಹಕ್ಕಿಗಳು ಮಾತ್ರ ಸ್ವಲ್ಪ ಜಾಸ್ತಿ."

ಇಬ್ಬರೂ ಸೇರಿ ಬೈರಿಗೆ ಹಿಡಿದರು. ಒಂದು ಬೆರಳಿನಷ್ಟು ಆಳ ಹೋದ ಮೇಲೆ ಅದು ಕಿರ್ರೆಂದು ನಿಂತಿತು. ಹಲಗೆಯ ಆಚೆ ಮಗ್ಗುಲಿಗೆ ಕಬ್ಬಿಣದ ತಗಡು ಹೊದಿಸಿದ್ದರು. ಹೀಗೆ ಮೂರು ತಲೆಮಾರು ಹುಡುಕಿದ ಕಿಂಡಿ ಕೊನೆಗೂ ಹುಟ್ಟಿತು, ಅರ್ಧ ಮಾತ್ರ.

ಮೂರು ಗಂಟೆಗೆ ಹತ್ತು ನಿಮಿಷವಿರುವಾಗ ಜನ ಏಣಿ ಹತ್ತಿದರು. ಸೆಕ್ರೆಟರಿ, ಟೈಲರ್, ಸ್ವಂತ ಮಣೆ ತಂದ ಓನರಮ್ಮ, ಫ್ಲಾಸ್ಕು ಹಿಡಿದ ಹೆಂಡತಿ. ಇಬ್ಬರಿಗೆ ಸಾಲದ ಗೂಡಿನಲ್ಲಿ ಆರು ಜನ. ಯಾರಾದರೂ ಸೀನಿದರೆ ಎಲ್ಲರೂ ಅಲುಗಾಡುತ್ತಿದ್ದರು.

"ಎಲ್ಲಿ?" ಅಂದರು ಸೆಕ್ರೆಟರಿ. ನಂಬರಪ್ಪ ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ತೂತು ಕಂಡೇಬಿಟ್ಟಿತು. ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ಇಟ್ಟರು. ಅವರ ಕತ್ತಿನ ಹಿಂಭಾಗ ಸ್ವಲ್ಪ ಸ್ವಲ್ಪವಾಗಿ ಕೆಂಪಾಯಿತು.

"ಹೇಗಿದೆ ಸಾರ್?" ಅಂತ ಟೈಲರ್ ಕೇಳಿದರು.

"ಆಹಾ," ಅಂದರು ಸೆಕ್ರೆಟರಿ. "ಸ್ಪಷ್ಟವಾಗಿದೆ. ನಮ್ಮವರು ಬಲಗಡೆಯಿಂದ ನುಗ್ಗುತ್ತಾ ಇದ್ದಾರೆ."

"ಇನ್ನೂ ಶುರುವಾಗಿಲ್ಲ ಸಾರ್," ಅಂದರು ನಂಬರಪ್ಪ ಮೆಲ್ಲಗೆ. "ರೆಫರಿ ಶೀಟಿ ಊದಿಲ್ಲ."

"ಸ್ವಲ್ಪ ಸರೀರಿ," ಅಂತ ಓನರಮ್ಮ ಮೊಣಕೈಯಿಂದ ದಾರಿ ಮಾಡಿಕೊಂಡು ಹೊಸ ಕಣ್ಣನ್ನು ತೂತಿಗೆ ಒತ್ತಿದರು. "ಕತ್ತಲೆ ಕಣ್ರೀ. ಕೊನೇ ತನಕ ಕತ್ತಲೇನೇ. ಇದು ಕಿಂಡಿ ಅಲ್ಲ, ಗುಂಡಿ!"

ಎಲ್ಲರೂ ನಂಬರಪ್ಪನವರತ್ತ ತಿರುಗಿದರು. ಅಂದರೆ ಕತ್ತು ಮಾತ್ರ ತಿರುಗಿಸಿದರು, ಮೈ ತಿರುಗಿಸಲು ಜಾಗವಿರಲಿಲ್ಲ. ನಂಬರಪ್ಪ ಹೆಂಡತಿಯ ಮುಖ ನೋಡದೆ ಎಲ್ಲವನ್ನೂ ಹೇಳಿದರು. ಹೇಳಲು ಇದ್ದದ್ದೇ ಒಂದು ಸಾಲು. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದೇ ಒಂದು ಗೋಲನ್ನೂ ನೋಡಿಲ್ಲ.

"ನಾನೂ ಅಷ್ಟೇ ಮಗಳೇ," ಅಂದರು ಮಾವ.

ಹೆಂಡತಿ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡು ಯೋಚಿಸಿದರು. "ಅಲ್ಲಾ ರೀ, ಆ ಏಳನೇ ನಂಬರಿನವನು ಗೋಲು ಹೊಡೆದು, ತೀರಿಹೋದ ಅಮ್ಮನ್ನ ನೆನೆಸಿಕೊಂಡು ಮಂಡಿಯೂರಿ ಅತ್ತನಲ್ಲ. ನಾನೂ ಅತ್ತಿದ್ದೆ. ಅದು?"

"ಅದು," ಅಂದರು ನಂಬರಪ್ಪ, "ನಮ್ಮಮ್ಮ ಹೋಗಿ ಒಂದು ತಿಂಗಳಾಗಿತ್ತು ಆಗ."

ಹೆಂಡತಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಮೊದಲ ಲೋಟವನ್ನು ಗಂಡನ ಕೈಗಿತ್ತರು. ಅಷ್ಟರಲ್ಲಿ ಶೀಟಿ ಕೇಳಿಸಿತು.

"ಈಗೇನು ಮಾಡೋದು?" ಅಂದರು ಸೆಕ್ರೆಟರಿ. ಕೆಳಗಿಳಿದರೂ ಅವರಿಗೆ ಸೀಟಿರಲಿಲ್ಲ.

"ಸುಮ್ಮನಿದ್ದರೆ ಕೇಳಿಸುತ್ತೆ ಸಾರ್."

ಯಾರಿಗೂ ಬೇರೆ ಉಪಾಯ ಹೊಳೆಯದ ಕಾರಣ ಎಲ್ಲರೂ ಸುಮ್ಮನಾದರು. ಆಗ ಗೂಡಿನೊಳಕ್ಕೆ ಮೈದಾನ ಬಂತು. ಕಾವ್ಯ ಓದುವವರ ಎದುರು ಬಾಲ್ಯದಿಂದ ಕೂತವರಿಗೆ ಪದದ ಅರ್ಥಕ್ಕೆ ಮೊದಲೇ ಸಾಲಿನ ನಡೆ ತಿಳಿಯುತ್ತದೆ, ರಾಗ ಯಾವ ಕಡೆ ಹೊರಳುತ್ತದೆಂದು ಮೈಗೇ ಗೊತ್ತಾಗುತ್ತದೆ. ನಂಬರಪ್ಪ ಹಾಗೆ ತಲೆ ಸ್ವಲ್ಪ ವಾಲಿಸಿ ಕುಳಿತಿದ್ದರು.

"ಎಡಗಡೆ ಸ್ಟ್ಯಾಂಡಿನವರು ಎದ್ದು ನಿಂತರು, ಹಲಗೆ ಸದ್ದು ಕೇಳಿ. ಚೆಂಡು ಅಲ್ಲಿದೆ. ಈಗ ನಡುವಿಗೆ ಬಂತು. ಹೋಯಿತು, ಕೂತುಬಿಟ್ಟರು." ಹಕ್ಕಿಗಳಿರಲಿಲ್ಲ, ಪೀಠಿಕೆ ಇರಲಿಲ್ಲ. ಟೈಲರ್ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಸೆಕ್ರೆಟರಿಯೂ ಮುಚ್ಚಿಕೊಂಡರು.

ಮೊದಲ ಅರ್ಧದಲ್ಲಿ ಗಂಟೆ ನಾಲ್ಕು ಹೊಡೆಯಿತು. ಹಳದಿಯವರ ಮೇಲೆ ಗೋಲು ಬಿದ್ದಿತ್ತು. ನಂಬರಪ್ಪ ಹಿಡಿ ತಿರುಗಿಸಿದರು. ಹೊರಗೆ ಮೈದಾನದಲ್ಲಿ ಏನೂ ಆಗದಿದ್ದರೂ ಹದಿನೈದು ಸಾವಿರ ಜನ ಕೂಗಿಕೊಂಡರು. ವಿರಾಮದ ನಂತರ ಮೂರು ಹೊಡೆಯಿತು. ಹಳದಿಯವರು ಸಮ ಮಾಡಿಕೊಂಡಿದ್ದರು. ಮತ್ತೆ ಹಿಡಿ ತಿರುಗಿತು, ಅಷ್ಟೂ ಜನ ಒಟ್ಟಿಗೆ ಉಸಿರು ಬಿಟ್ಟರು.

ಆಟ ಮುಗಿಯಲು ಇನ್ನು ಹತ್ತು ನಿಮಿಷವಿದ್ದಾಗ ನಂಬರಪ್ಪ ಇದ್ದಕ್ಕಿದ್ದಂತೆ ಕೈ ಎತ್ತಿದರು. "ತಡೀರಿ." ಎಡಗಡೆಯ ಹಲಗೆಗಳು ಕಿರುಗುಟ್ಟಿದವು. ಆಮೇಲೆ ನಡುವಿನವು. ಆಮೇಲೆ ಎಲ್ಲ ಸದ್ದೂ ನಿಂತುಹೋಯಿತು, ದೊಡ್ಡ ಮಳೆಗೆ ಮೊದಲು ಗಾಳಿ ನಿಲ್ಲುವ ಹಾಗೆ.

"ಗೋಲು," ಅಂದರು ನಂಬರಪ್ಪ, ಪಿಸುಮಾತಿನಲ್ಲಿ.

ಬೋರ್ಡೇ ನಡುಗುವಂಥ ಕೂಗು ಎದ್ದಿತು. ಅದರ ನಡುವೆ ಗಂಟೆ ಒಂದೇ ಸಲ ಹೊಡೆಯಿತು. ಸೆಕ್ರೆಟರಿಯವರು ಟೈಲರನ್ನು ಅಪ್ಪಿಕೊಂಡರು. ಓನರಮ್ಮ ಮಣೆಯ ಮೇಲೆ ನಿಂತು ತಗಡು ಬಡಿದರು. "ನೋಡಿದೆ ಕಣ್ರೀ!" ಅಂತ ಕೂಗುತ್ತಿದ್ದರು. "ನಾನು ನೋಡಿದೆ!"

ಕೊನೆಯ ಶೀಟಿ ಆಯಿತು, ಉದ್ದದ ಗಂಟೆ ಆಯಿತು. ಒಂದು ಸೊನ್ನೆಯಿಂದ ನಮ್ಮವರು ಗೆದ್ದಿದ್ದರು. ಆದರೆ ಹಳದಿಯವರ ಆಟ ಏಳು ನಿಮಿಷ ತಡವಾಗಿ ಶುರುವಾಗಿತ್ತು. ಅಲ್ಲಿ ಇನ್ನೂ ಒಂದು ಒಂದು. ಹಾಗೇ ಮುಗಿದರೆ ನಮ್ಮವರು ಪ್ಲೇಆಫ್‌ನಲ್ಲಿ. ಆಟಗಾರರು ಬೆವರೊರೆಸದೆ ನಿಂತು ಬೋರ್ಡು ನೋಡುತ್ತಿದ್ದರು. ಜನವೆಲ್ಲ ಬೋರ್ಡು ನೋಡುತ್ತಿದ್ದರು. ನಂಬರಪ್ಪನವರಿಗೆ ಅದು ಕಾಣಲಿಲ್ಲ, ಆದರೆ ಅಷ್ಟೊಂದು ಮೌನ ಒಂದೇ ಕಡೆಗೆ ಮುಖ ಮಾಡಿದ್ದು ಅವರಿಗೆ ಬೆನ್ನಹುರಿಯಲ್ಲಿ ತಿಳಿಯಿತು. ಇಪ್ಪತ್ತೆರಡು ವರ್ಷ ಅವರು ಮೈದಾನವನ್ನು ಹುಡುಕಿದ್ದರು. ಈಗ ಮೈದಾನವೇ ಅವರನ್ನು ನೋಡುತ್ತಿತ್ತು.

ಯಾವುದೋ ಮೂಲೆಯಲ್ಲಿ ಒಬ್ಬರು ಅಲ್ಲಿಯೂ ಮುಗಿಯಿತಂತೆ ಅಂದರು. ಅದು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹಾರಿತು. ಒಂದು ಮೂಲೆಯಲ್ಲಿ ಹಾಡು ಎದ್ದಿತು, ತಂಡದ ಹಳೆಯ ಹಾಡು. ಐವತ್ತು ವರ್ಷದಿಂದ ಬರೀ ಮೊದಲ ಸಾಲು ಹಾಡಿ ಬಿಟ್ಟುಬಿಡುತ್ತಿದ್ದ ಹಾಡನ್ನು ಜನ ಎರಡನೆಯ ಸಾಲಿಗೆ, ಮೂರನೆಯ ಸಾಲಿಗೆ ತೆಗೆದುಕೊಂಡು ಹೋದರು. ಮಾವ ಹಲಗೆಗೆ ಹಣೆ ಆನಿಸಿ ನಿಂತಿದ್ದರು. ಅವರ ತುಟಿಗಳೂ ಅಲುಗುತ್ತಿದ್ದವು.

ಆಗ ಗಂಟೆ ಹೊಡೆಯಿತು. ಒಂದು. ಎರಡು. ಮೂರು.

"ನಾಲ್ಕು ಅಲ್ವಾ?" ಅಂದರು ಓನರಮ್ಮ. "ಇನ್ನೊಂದು ಇದೆ, ಕಾಯಿರಿ."

ಕಾದರು. ಇನ್ನೊಂದು ಇರಲಿಲ್ಲ. ಹೊರಗೆ ಹಾಡು ನಡೆದೇ ಇತ್ತು.

ನಂಬರಪ್ಪ ಮೂರನೆಯ ಹಿಡಿಗೆ, ಹಳದಿಯವರ ಅಂಕಿಯ ಹಿಡಿಗೆ, ಕೈ ಹಾಕಿದರು.

"ಏ, ತಡಿಯಯ್ಯಾ!" ಅಂದರು ಸೆಕ್ರೆಟರಿ. "ಅಧ್ಯಕ್ಷರು ಮೈದಾನಕ್ಕಿಳಿದಿರುತ್ತಾರೆ. ಫೋಟೋ ತೆಗೀತಿರುತ್ತಾರೆ. ಐದು ನಿಮಿಷ ಬಿಡು. ಆಮೇಲೆ ಗಂಟೆ ಹಗ್ಗ ಸಿಕ್ಕಿಕೊಂಡಿತ್ತು ಅಂತ ನಾನೇ ಬರೆದುಕೊಡ್ತೀನಿ."

ನಂಬರಪ್ಪ ಅವರ ಕಡೆ ತಿರುಗಲೂ ಇಲ್ಲ. ಹಿಡಿಯ ಮೇಲೆ ಅವರ ಕೈ ಬಿಗಿಯಿತು. ಆ ಕೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು. ಹಗುರ, ಒಣಗಿದ ಕೈ, ನಂಬರಪ್ಪನವರ ಕೈಯಲ್ಲಿದ್ದಂಥದೇ ಹಿಡಿಯ ಗುರುತಿದ್ದ ಕೈ.

"ಅಳಿಯಂದ್ರೇ," ಅಂದರು ಮಾವ. "ನಿಮ್ಮನ್ನ ಇಷ್ಟು ವರ್ಷ ನಾನೇನೂ ಕೇಳಿದವನಲ್ಲ. ನೀವು ಹೇಳಿದ್ದನ್ನೆಲ್ಲ ನಂಬಿದ ಹಾಗೆ ಕೂತಿದ್ದೆ. ಇವತ್ತು ಇದೊಂದು ನಡೆಸಿಕೊಡಿ. ಜಾಸ್ತಿ ಬೇಡ. ಆ ಹಾಡು ಮುಗಿಯೋ ತನಕ."

ಹಾಡಿಗೆ ಇನ್ನು ಒಂದೋ ಎರಡೋ ಸಾಲು ಉಳಿದಿತ್ತು. ಹೆಂಡತಿ ಗಂಡನನ್ನೇ ನೋಡುತ್ತಿದ್ದರು. ಟೈಲರ್ ತಲೆ ತಗ್ಗಿಸಿದರು. ನಂಬರಪ್ಪನವರ ಕಣ್ಣಿನಿಂದ ನೀರು ಸುಮ್ಮನೆ ಇಳಿದು ಮೀಸೆಯೊಳಕ್ಕೆ ಹೋಯಿತು. ಎಡಗೈಯಿಂದ ಅವರು ಮಾವನ ಬೆರಳುಗಳನ್ನು ಒಂದೊಂದಾಗಿ, ನೋಯದ ಹಾಗೆ, ತಮ್ಮ ಬಲಗೈ ಮೇಲಿಂದ ಬಿಡಿಸಿದರು.

"ಮನೇಲಿ ನಾನು ಹೇಳಿದ್ದೆಲ್ಲ ಸುಳ್ಳು ಮಾವ. ಇಲ್ಲಿ ತಿರುಗಿಸಿದ್ದು ಒಂದೂ ಸುಳ್ಳಲ್ಲ," ಅಂದರು. "ಆಗೋದಿಲ್ಲ."